ಶನಿವಾರ ಹುಟ್ಟಿದವ

“ಎಂತ ಹೆಸರು ಕರೆದೆ ನೀನು ಮಗನಿಗೆ?” ಜಗಲಿಯಲ್ಲಿ ಮೊಮ್ಮಗನನ್ನು ಆಡಿಸುತ್ತಿದ್ದ ಧಣಿಗಳ ಹೆಂಡತಿ ಸೌದಾಮಿನಿಯಮ್ಮನ ಸ್ವರಕ್ಕೆ, ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದ ಕೆಲಸದ ಹೆಂಗಸು ಬಾಗಿಯ ಕೈ ನಿಂತೇ ಹೋಯಿತು.

“ತಿರುಮಲೇಶ್ವರ ಅಂತ, ಅಮ್ಮಾ. ಶಾಲೆಯ ಖಾದಿ ಮಾಸ್ತರರು ಇಟ್ಟದ್ದು.”

“ನನ್ನ ಮೊಮ್ಮಗನ ಹೆಸರೇ ಬೇಕಾಯಿತಾ? ನಿನ್ನವ ಹುಟ್ಟಿದ್ದು ಯಾವ ವಾರ?”

“ಶನಿವಾರ.”

“ಮತ್ತೆ? ನಿಮ್ಮಲ್ಲಿ ಶನಿವಾರ ಹುಟ್ಟಿದವ ಚನಿಯ. ನಿನ್ನ ಮಾವನೂ ಚನಿಯನೇ ಅಲ್ಲವಾ?” ಎನ್ನುತ್ತ ಅವರು ಬೆಲ್ಲದ ತುಂಡೊಂದನ್ನು ಅಂಗಳಕ್ಕೆ ಎಸೆದು, ನಾಯಿಮರಿಯನ್ನು ಕರೆಯುವಷ್ಟೇ ಪ್ರೀತಿಯಿಂದ ಕರೆದರು: “ಚನಿಯಾ, ಬಾ ಬಾ!”

ತೆಂಗಿನ ಬುಡದಲ್ಲಿ ಕುಳಿತಿದ್ದ ವರ್ಷದ ಕೂಸು ಕಣ್ಣರಳಿಸಿತು. ಹಸಿ ಸೆಗಣಿಯ ಮೇಲೆಯೇ ಅಂಬೆಗಾಲಿಕ್ಕುತ್ತ ಬಂದು ಬೆಲ್ಲವನ್ನು ಬಾಯಿಗಿಟ್ಟುಕೊಂಡಿತು. “ಚನಿಯಾ” ಎಂದರೆ ತಲೆಯೆತ್ತಿ ನಕ್ಕಿತು ಕೂಡ. “ನೋಡು, ಅವನಿಗೇ ಗೊತ್ತುಂಟು” ಎಂದರು ಸೌದಾಮಿನಿಯಮ್ಮ.

ಬಾಗಿ ಸೆಗಣಿಯ ಕೈಯಲ್ಲೇ ಎದ್ದು ನಿಂತು, ತಡೆಯಲಾರದೆ ಕರೆದೇಬಿಟ್ಟಳು: “ಬಾ ಮಗಾ, ತಿರುಮಲೇಶ್ವರಾ!”

ಬೆಲ್ಲ ಚೀಪುತ್ತಿದ್ದ ಕೂಸು ಅವಳ ಕಡೆ ನೋಡಲೂ ಇಲ್ಲ. ಜಗಲಿಯ ಮೇಲಿದ್ದ ಮೊಮ್ಮಗ ತಿರುಗಿ, ಅವಳತ್ತ ಎರಡೂ ಕೈ ಚಾಚಿದ.