ಸೋಮವಾರದ ತೂಕ

ಸೋಮವಾರ ಬೆಳಿಗ್ಗೆ ತೂಕದ ಯಂತ್ರದ ಮುಂದೆ ನಿಂತವಳಿಗೆ ಅದರ ಮೇಲೆ ಕಾಲಿಡುವ ಧೈರ್ಯ ಬರಲಿಲ್ಲ. ತೂಕ ಇಳಿಸುವ ವಾಟ್ಸಾಪ್ ಗುಂಪಿನಲ್ಲಿ ಉಳಿದವರೆಲ್ಲ ಆಗಲೇ ತಮ್ಮ ತೂಕದ ಫೋಟೋ ಹಾಕಿದ್ದರು. ಅವಳದೊಂದೇ ಬಾಕಿ.

ಗುಂಪು ನಡೆಸುವ ವನಮಾಲಾ ಫೋನ್ ಮಾಡಿದಳು.

"ಯಾಕ್ರೀ, ಇನ್ನೂ ಫೋಟೋ ಬಂದಿಲ್ಲ?"

"ಭಯ ಆಗ್ತಿದೆ ಮೇಡಂ. ಈ ವಾರ ವಾಕಿಂಗ್ ಹೋಗ್ಲೇ ಇಲ್ಲ. ದಿನಾ ತುಪ್ಪ ಸುರ್ಕೊಂಡು ಹೋಳಿಗೆ ತಿಂದಿದ್ದೀನಿ."

"ಅಷ್ಟೇನಾ! ಒಂದು ವಾರ ತಪ್ಪಿದ್ರೆ ಇಲ್ಲಿ ಯಾರೂ ಬೈಯಲ್ಲ. ಎಷ್ಟಿದ್ರೂ ಹಾಕಿ, ನಾವೆಲ್ಲ ಇದ್ದೀವಲ್ಲ."

ಜಾರುತ್ತಿದ್ದ ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು, ಕಣ್ಣು ಮುಚ್ಚಿ ಹತ್ತಿದಳು. ಕಣ್ಣು ತೆರೆದಾಗ ಗೋಡೆ ಹಿಡಿದುಕೊಳ್ಳಬೇಕಾಯಿತು. ಹಾಗೇ ಫೋಟೋ ತೆಗೆದು ಕಳಿಸಿದಳು.

ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು.

"ಹೋಳಿಗೆ ತಿಂದೂ ಮತ್ತೆ ಮೂರು ಕೆಜಿ ಇಳಿದಿದ್ದಾರೆ ನೋಡಿ!" ಎಂದು ವನಮಾಲಾ ಬರೆದಳು.

"ಪುಣ್ಯವಂತೆ ಕಣ್ರೀ ನೀವು. ಗುಟ್ಟೇನು, ನಮಗೂ ಹೇಳಿ," ಎಂದರು ಉಳಿದವರು.

ಅವಳು ಟೈಪ್ ಮಾಡಿದಳು:

"ತೂಕ ಏರ್ಲಿ ಅಂತಾನೇ ತಿಂದೆ ಕಣ್ರೀ. ಇಳಿಯೋದು ನಿಲ್ತಾನೇ ಇಲ್ಲ. ನಿಲ್ಲಿಸೋದು ಹೇಗೆ, ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?"