ತೊಳೆದದ್ದು ಯಾರು

"ಮೊದಲು ಒಂದು ಮಾತು ಹೇಳ್ಬಿಡಿ ಡಾಕ್ಟರಮ್ಮ. ಈ ನಾಯಿ ಹೀಗಾಗೋಕೆ ನಾನು ಕಾರಣನಾ, ಇವಳು ಕಾರಣನಾ?"

ಲಾಂಡ್ರಿಯವನು ನಾಯಿಯನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿ ಕೇಳಿದ. ಕಪ್ಪು ನಾಯಿ, ಹೆಸರೂ ಮಸಿ. ಅದು ಒಮ್ಮೆ ಮೈ ಕೊಡವಿದ್ದೇ ತಡ, ಬಿಳಿ ಹೊಟ್ಟು ಉದುರಿ ಮೇಜಿನ ತಗಡೆಲ್ಲ ಮಂಕಾಯಿತು. ಅವನ ಹೆಂಡತಿ ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದಳು. "ಕಾರಣ ಯಾರು ಅಂತ ಊರಿಗೇ ಗೊತ್ತು. ನೀವು ಬಾಯಿಬಿಟ್ಟು ಹೇಳಿದ್ರೆ ಸಾಕು ಡಾಕ್ಟರಮ್ಮ," ಎಂದಳು, ಗೋಡೆಗೇ ಹೇಳುವವಳಂತೆ.

ಗಂಡ ಹೆಂಡತಿ ಮಾತು ಬಿಟ್ಟು ವರ್ಷವಾಗುತ್ತಾ ಬಂದಿತ್ತು. ಲಾಂಡ್ರಿ ಒಂದೇ; ಬೆಳಗಿನ ಹೊತ್ತು ಅವನದು, ಮಧ್ಯಾಹ್ನದ ಮೇಲೆ ಅವಳದು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಚಪ್ಪಲಿ ಮೆಟ್ಟುವುದು. ಬರುವ ವಾರ ಅವಳು ಅಕ್ಕನ ಊರಿಗೆ ಹೋಗಿ ತನ್ನದೇ ಅಂಗಡಿ ಹಾಕುವವಳಿದ್ದಳು. ಇಸ್ತ್ರಿಪೆಟ್ಟಿಗೆಗಳು ಪಾಲಾದವು, ಮೇಜು ಪಾಲಾಯಿತು, ಪಾತ್ರೆ ಪಗಡವೂ ಆಯಿತು. ಪಾಲಾಗದೆ ಉಳಿದದ್ದು ಮಸಿ ಮಾತ್ರ. ಅದನ್ನು ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ನಡುವೆ ಸಿಕ್ಕಿಕೊಂಡ ಅಕ್ಕನ ಗಂಡ ಸಾಕಾಗಿ ಒಂದು ದಾರಿ ಹೇಳಿದ್ದ: ನಾಯಿಯನ್ನು ಕಡೆಗಣಿಸಿ ಅದರ ಮೈ ಹೀಗೆ ಮಾಡಿದವರು ಯಾರೆಂದು ಡಾಕ್ಟರೇ ಹೇಳಲಿ, ಅವರು ಬಾಯಿ ಮುಚ್ಚಿಕೊಂಡು ಬಿಟ್ಟುಕೊಡಲಿ. ಇಬ್ಬರೂ ತಕ್ಷಣ ಒಪ್ಪಿದ್ದರು. ತಪ್ಪು ತಮ್ಮದಲ್ಲ ಎಂಬ ಧೈರ್ಯ ಇಬ್ಬರಿಗೂ ಇತ್ತು.

ಡಾಕ್ಟರಮ್ಮ ಕೂದಲು ಬಿಡಿಸಿ ನೋಡಿದರು. ಚರ್ಮವನ್ನು ಸ್ವಲ್ಪ ಕೆರೆದು ಗಾಜಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರು. ಹುಳ ಇಲ್ಲ, ಹುಣ್ಣಿಲ್ಲ. ಕೊನೆಗೆ ಬಗ್ಗಿ ನಾಯಿಯ ಬೆನ್ನನ್ನೇ ಮೂಸಿದರು. ಒಗೆದು ಬಂದ ತಮ್ಮ ಬಿಳಿ ಕೋಟಿನ ವಾಸನೆ ಬಂತು.

"ಇವನಿಗೆ ಯಾವ ಸೋಪು ಹಾಕ್ತೀರಿ?"

"ಬಟ್ಟೆಗೆ ಹಾಕೋದೇ," ಎಂದ ಲಾಂಡ್ರಿಯವನು, ಸ್ವಲ್ಪ ಹೆಮ್ಮೆಯಿಂದಲೇ. "ಎಂಥ ಕೊಳೆನೂ ಅದರ ಮುಂದೆ ನಿಲ್ಲಲ್ಲ. ದಿನಾ ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಕೂಡ್ಲೇ ಮೊದಲ ನೀರು ಇವನಿಗೆ. ನಾನು ತೊಳೀದೆ ಹೋದ್ರೆ ಇನ್ಯಾರು ತೊಳೀತಾರೆ?"

ಹೆಂಡತಿ ಸರಕ್ಕನೆ ತಿರುಗಿದಳು. "ಅಪ್ಪಟ ಸುಳ್ಳು! ದಿನಾ ಸಂಜೆ ತೊಳೆಯೋಳು ನಾನು. ಗಿರಾಕಿಗಳ ಕಪ್ಪು ಕೋಟಿಗೆಲ್ಲ ಹೊಟ್ಟು ಅಂಟುತ್ತೆ ಅಂತ ಬಿಸಿನೀರು ಹಾಕಿ ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ದೋಗಿದೆ ಡಾಕ್ಟರಮ್ಮ."

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. "ಹೊಟ್ಟು ಜಾಸ್ತಿ ಆದಾಗ ಏನು ಮಾಡಿದ್ರಿ?"

"ಜಾಸ್ತಿ ತೊಳೆದೆ," ಎಂದರು ಇಬ್ಬರೂ ಒಟ್ಟಿಗೆ. ಮಾತು ಬಿಟ್ಟ ಮೇಲೆ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೇ ಮೊದಲು.

"ಇವನಿಗೆ ಕಾಯಿಲೆ ಏನೂ ಇಲ್ಲ," ಎಂದರು ಡಾಕ್ಟರಮ್ಮ. "ನಾಯಿ ಚರ್ಮಕ್ಕೆ ಅದರದೇ ಎಣ್ಣೆ ಇರುತ್ತೆ. ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು ಸೇರಿ ಅದನ್ನ ಪೂರ್ತಿ ಒಗೆದು ಹಾಕಿದ್ದೀರಿ. ಚರ್ಮ ಒಣಗಿ ಹೊಟ್ಟು ಏಳುತ್ತೆ, ಹೊಟ್ಟು ಕಂಡು ನೀವು ಮತ್ತೆ ಒಗೀತೀರಿ. ಇದು ನಾಯಿ ಕಣ್ರೀ, ಬೆಡ್‌ಶೀಟ್ ಅಲ್ಲ."

"ಹಾಗಾದ್ರೆ ಕಡೆಗಣಿಸಿದ್ದು ಯಾರು?" ಎಂದ ಲಾಂಡ್ರಿಯವನು.

"ಯಾರೂ ಇಲ್ಲ. ಅದೇ ಇವನ ಗ್ರಹಚಾರ."

ಲಾಂಡ್ರಿಯವನ ಮುಖ ಸಪ್ಪಗಾಯಿತು. ತಾನು ಉಜ್ಜುವಾಗ ಮಸಿ ಕಣ್ಣು ಮುಚ್ಚಿಕೊಂಡು ಅಲ್ಲಾಡದೆ ನಿಲ್ಲುತ್ತಿದ್ದದ್ದು ಸುಖಕ್ಕೆ ಎಂದುಕೊಂಡಿದ್ದ. ಉರಿ ತಡೆದುಕೊಳ್ಳುತ್ತಿತ್ತೇನೋ ಎಂದು ಈಗ ಅವನಿಗೆ ಹೊಳೆಯಿತು. ಹೆಂಡತಿಯೂ ನಾಯಿಯ ಬೆನ್ನಿನ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ಒಂದು ತಿಂಗಳು ಇವನ ಮೈಗೆ ಸೋಪು, ನೀರು ಏನೂ ಸೋಕಬಾರದು. ಬರೀ ಬ್ರಶ್ ಮಾಡಿ. ಊಟದಲ್ಲಿ ಸ್ವಲ್ಪ ಮೀನೆಣ್ಣೆ, ಎಷ್ಟು ಅಂತ ಬರೆದುಕೊಡ್ತೀನಿ. ಆಮೇಲೆ ನಾಯಿಗೆ ಅಂತಲೇ ಬರೋ ಶಾಂಪೂ, ಅದೂ ಅಪರೂಪಕ್ಕೆ. ಅಲ್ಲೀವರೆಗೆ ಹೊಟ್ಟು ಉದುರಿದ್ರೂ ನೋಡ್ಕೊಂಡು ಕೈ ಕಟ್ಟಿ ಕೂತಿರಬೇಕು. ನಿಮ್ಮಿಬ್ಬರಲ್ಲಿ ಯಾರ ಕೈಲಿ ಆಗುತ್ತೆ?"

ಹೊರಗೆ ಯಾರದೋ ಬೆಕ್ಕು ಬುಟ್ಟಿಯೊಳಗಿಂದ ರಂಪ ಮಾಡುತ್ತಿತ್ತು. "ನನ್ನ ಕೈಲಿ ಆಗಲ್ಲ," ಎಂದ ಲಾಂಡ್ರಿಯವನು ಕೊನೆಗೆ. "ಸುತ್ತ ನೀರು, ಸೋಪು. ಎದುರಿಗೆ ಹೊಟ್ಟು. ನನ್ನ ಕೈ ನನ್ನ ಮಾತು ಕೇಳಲ್ಲ. ಅವಳೇ ಕರ್ಕೊಂಡು ಹೋಗ್ಲಿ."

"ನನ್ನ ಕೈ ಕೇಳುತ್ತೆ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು ಹೆಂಡತಿ. ಮಾತು ನೇರ ಗಂಡನಿಗೇ ಹೋಗಿತ್ತು; ಹೋದ ಮೇಲೆ ಇಬ್ಬರಿಗೂ ತಿಳಿಯಿತು. ವಾಪಸು ತೆಗೆದುಕೊಳ್ಳುವಂತಿರಲಿಲ್ಲ, ಮುಂದುವರಿಸಿದಳು. "ನೀವಾದ್ರೆ ಮನಸ್ಸು ಮಾಡಿದ್ರೆ ತಡ್ಕೋತೀರ. ಒಂದು ವರ್ಷ ಮಾತಾಡದೆ ತಡ್ಕೊಂಡಿಲ್ವಾ?"

"ನೀನೂ ತಡ್ಕೊಂಡಿದ್ದೀಯಲ್ಲ."

ಡಾಕ್ಟರಮ್ಮನಿಗೆ ಹೊರಗೆ ಕಾಯುವವರ ಚಿಂತೆ. ಔಷಧಿ ಚೀಟಿ ಎಳೆದುಕೊಂಡು ಪೆನ್ನು ತೆಗೆದರು. "ಆಯ್ತು, ಬೇಗ ಹೇಳಿ. ಯಾರ ಹೆಸರಿಗೆ ಬರೀಲಿ? ನಾಯಿ ಯಾರದು?"

ಮಸಿ ಮೇಜಿನ ಮೇಲೆ ಕೂತು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತು. ಅದರ ತಲೆಯ ಮೇಲಿಂದ ಕೈ ಚಾಚಿ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.