ಅವ್ವ ಹಗಲಲ್ಲಿ ಮಲಗಿದ ದಿನ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ, ನನ್ನ ಅವ್ವ ಮುತ್ತಜ್ಜಿಯಾಗಿದ್ದಾಳೆ! ಕೂಸಿಗೆ ಹಾಸಿದ ಹಳೆಯ ಕೌದಿಯ ಬೇವಿನೆಲೆ ವಾಸನೆಗೆ ಮುರಗೋಡದ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ಅವ್ವ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು, ಎಲ್ಲರೂ ಮಲಗಿದ ಮೇಲೆ ಮಲಗುತ್ತಿದ್ದಳು. ಅಂದು ರೊಟ್ಟಿ ಬಡಿಯುತ್ತಲೇ ತೂಕಡಿಸಿ ಒಲೆಯತ್ತ ವಾಲಿದಳು. ಅಜ್ಜಿ ಗಪ್ಪನೆ ಹಿಡಿದು, ಕೌದಿಯ ಮೇಲೆ ಮಲಗಿಸಿ, ಬಾಗಿಲಲ್ಲಿ ಅಡ್ಡ ಕುಳಿತಳು.

ನೆರೆಮನೆಯವಳು ಇಣುಕಿದಳು. "ಹಗಲೊತ್ತು ಸೊಸಿ ಮಲಗಿದ್ರ ಮನ್ಯಾಗ ಲಕ್ಷ್ಮಿ ನಿಲ್ತಾಳೇನ್ರಿ?"

"ಬಾಗಲಾಗ ನಾ ಕುಂತೇನಲ್ಲ, ಲಕ್ಷ್ಮಿ ಹೆಂಗ ಹೊರಗ ಹೋಗ್ತಾಳ? ನೀ ಸಣ್ಣ ದನೀಲೆ ಮಾತಾಡವಾ."

ಅವ್ವ ಸಂಜೆಗೆ ಎದ್ದು ಗಾಬರಿಯಿಂದ ಒಲೆಗೆ ಓಡಿದಳು. ಉಳಿದ ರೊಟ್ಟಿಗಳನ್ನು ಅಜ್ಜಿಯೇ ಬಡಿದಿಟ್ಟಿದ್ದಳು. ದಿನವೂ ಕೊನೆಗೆ ಉಣ್ಣುತ್ತಿದ್ದ ಅವ್ವನನ್ನು ನಮ್ಮ ಸಾಲಿನಲ್ಲೇ ಕೂರಿಸಿ, "ಇನ್ನ ಹೊತ್ತಿಗೆ ಉಂಡು ಹೊತ್ತಿಗೆ ಮಲಗಬೇಕ ನೀ, ಭಾಳ ದಿನ ಬಾಳಬೇಕು" ಎಂದಳು. ಅಪ್ಪ ತಾನೇ ಎದ್ದು ನೀರು ತಂದಿಟ್ಟ. ಎಲ್ಲರೂ ಕೂಡಿ ಉಂಡೆವು.